ಬಿಟ್ಟುಹೋದ ವ್ಯಾಯಾಮ ಮತ್ತೆ ಹಿಡಿಯುವುದು ಹೇಗೆ: ಮುಂಬಯಿಯ ನಮ್ಮವರಿಗೆ

ಮುಂಬಯಿಯಲ್ಲಿ ವ್ಯಾಯಾಮ ನಿಲ್ಲಿಸಲು ನೆಪ ಹುಡುಕಬೇಕಾಗಿಲ್ಲ, ಕ್ಯಾಲೆಂಡರೇ ಕೊಡುತ್ತದೆ. ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ, ಎಲ್ಲರೂ ಊರಿಗೆ. ಊರಲ್ಲಿ ಮದುವೆ, ಗೃಹಪ್ರವೇಶ, ಹಲಸಿನ ಹಣ್ಣು. ವಾಪಸು ಬರುವಷ್ಟರಲ್ಲಿ ಜೂನ್, ಮಳೆ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಂತಾಕ್ರೂಜ್‌ನಲ್ಲಿ ಬೀಳುವ ಸರಾಸರಿ ಮಳೆ ಸುಮಾರು 2,300 ಮಿ.ಮೀ. ಅದು ನಿಲ್ಲುವ ಮೊದಲೇ ಗಣಪತಿ, ಆಮೇಲೆ ನವರಾತ್ರಿ, ದೀಪಾವಳಿ. ನಡುವೆ ಮನೆಯಲ್ಲಿ ಒಬ್ಬರಿಗಾದರೂ ಜ್ವರ.

ಹಾಗಾಗಿ ಈ ಊರಲ್ಲಿ ಕಲಿಯಬೇಕಾದ ವಿದ್ಯೆ ಎಂದರೆ ನಿಂತದ್ದನ್ನು ಮತ್ತೆ ಶುರು ಮಾಡುವುದು. ವರ್ಷವಿಡೀ ಒಂದು ದಿನವೂ ತಪ್ಪಿಸದವರು ಎಲ್ಲೋ ಒಬ್ಬಿಬ್ಬರು. ವರ್ಷಕ್ಕೆ ಮೂರು ಸಲ ಬಿಟ್ಟು ಮೂರು ಸಲ ಹಿಡಿಯುವವರು ಜಾಸ್ತಿ. ಅರವತ್ತು ದಾಟಿದ ಮೇಲೂ ಲಿಫ್ಟ್ ಕೆಟ್ಟ ದಿನ ಏದುಸಿರಿಲ್ಲದೆ ಮೆಟ್ಟಿಲು ಹತ್ತುವವರನ್ನು ಕೇಳಿ ನೋಡಿ, ಅವರೂ ಈ ಗುಂಪಿನವರೇ ಆಗಿರುತ್ತಾರೆ.

ಹಳೆಯ ಲೆಕ್ಕ ಮೊದಲು ಬಿಡಿ

ಮತ್ತೆ ಶುರು ಮಾಡದಿರಲು ಸೋಮಾರಿತನ ಕಾರಣ ಅಂತ ಎಲ್ಲರೂ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹೆಚ್ಚಿನವರನ್ನು ತಡೆಯುವುದು ಹಳೆಯ ಲೆಕ್ಕ. "ಮೊದಲು ಶಿವಾಜಿ ಪಾರ್ಕಿಗೆ ನಾಲ್ಕು ಸುತ್ತು ಹಾಕುತ್ತಿದ್ದೆ" ಎಂಬ ನೆನಪು. ಒಂದು ಸುತ್ತು ಸುಮಾರು 1.2 ಕಿ.ಮೀ., ನಾಲ್ಕಕ್ಕೆ ಹತ್ತಿರ ಹತ್ತಿರ ಐದು. ಇವತ್ತು ಒಂದೂವರೆ ಸುತ್ತಿಗೇ ಕಟ್ಟೆ ಹುಡುಕಬೇಕಾಗುತ್ತದೆ. ಹಿಂದೆ ನಮಗಿಂತ ನಿಧಾನ ನಡೆಯುತ್ತಿದ್ದ ಕಾಕಾ ಈಗ ಪಕ್ಕದಲ್ಲೇ ದಾಟಿ ಹೋಗುತ್ತಾರೆ. ಆ ನಾಚಿಕೆಗೆ ನಾಳೆ ಬೆಳಿಗ್ಗೆ ಅಲಾರಾಂ ಬಂದ್.

ದೇಹದಲ್ಲಿ ನಡೆದದ್ದೇನು ಅಂತ ಗೊತ್ತಿದ್ದರೆ ಈ ನಾಚಿಕೆ ಸ್ವಲ್ಪ ಕಮ್ಮಿಯಾಗುತ್ತದೆ. ವ್ಯಾಯಾಮ ನಿಂತ ಕೆಲವೇ ದಿನಗಳಲ್ಲಿ ರಕ್ತದಲ್ಲಿನ ದ್ರವದ ಪ್ರಮಾಣ ಇಳಿಯುತ್ತದೆ. ಅದಕ್ಕೇ ಮೊದಲ ದಿನ ಅಷ್ಟು ಸಣ್ಣ ನಡಿಗೆಗೂ ಎದೆ ಡಬಡಬ ಅನ್ನುವುದು. ಎರಡು ಮೂರು ವಾರಕ್ಕೆ ದಮ್ಮು ಕುಸಿದದ್ದು ಚೆನ್ನಾಗಿ ಗೊತ್ತಾಗುತ್ತದೆ. ಸ್ನಾಯುವಿನ ಬಲ ಮಾತ್ರ ಅಷ್ಟು ಬೇಗ ಹೋಗುವುದಿಲ್ಲ, ಮೂರು ನಾಲ್ಕು ವಾರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ, ದ್ರವದ ಕೊರತೆ ಬಂದಷ್ಟೇ ಬೇಗ ತುಂಬುತ್ತದೆ, ಮತ್ತು ಒಮ್ಮೆ ಬೆಳೆಸಿದ ಸ್ನಾಯು ಎರಡನೇ ಸಲ ಬೆಳೆಯಲು ಮೊದಲಿನಷ್ಟು ಕಾಲ ಬೇಡ. ಮೊದಲ ವಾರದ ಏದುಸಿರನ್ನು ನೋಡಿ "ನನ್ನ ಕತೆ ಮುಗಿಯಿತು" ಅಂತ ತೀರ್ಮಾನಿಸಬೇಡಿ.

ಫೋನಿನ ಆ್ಯಪ್‌ನಲ್ಲಿ ಹಳೆಯ ದಾಖಲೆ ಕಾಣುತ್ತಿದ್ದರೆ ಎರಡು ತಿಂಗಳು ಅದನ್ನು ತೆರೆಯಲೇಬೇಡಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಎಂಬ ಕೊರಗೂ ಬೇಡ. ಆ ಅಂಕಿ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ, ಹೆಜ್ಜೆ ಎಣಿಸುವ ಒಂದು ಸಾಧನವನ್ನು ಮಾರಲು. ಡಾಕ್ಟರು ಬರೆದುಕೊಟ್ಟ ಚೀಟಿಯೇನೂ ಅಲ್ಲ.

ಯಾರು ಮೊದಲು ಡಾಕ್ಟರನ್ನು ಕೇಳಬೇಕು

ಡೆಂಗ್ಯೂ, ಮಲೇರಿಯಾ, ಚಿಕೂನ್‌ಗುನ್ಯಾ, ಅಥವಾ ಯಾವುದೇ ಜೋರು ಜ್ವರದಿಂದ ಎದ್ದವರು ಕೇಳಲೇಬೇಕು. ಚಿಕೂನ್‌ಗುನ್ಯಾದ ಗಂಟುನೋವು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ಅದನ್ನು ಹಟದಿಂದ ಓಡಿ ಓಡಿಸಲು ಆಗುವುದಿಲ್ಲ. ಬಿಪಿ, ಹೃದಯದ ತೊಂದರೆ ಇರುವವರು, ಆಪರೇಷನ್ ಆದವರು, ಬಾಣಂತನ ಮುಗಿಸಿದವರು ಕೂಡ ಕೇಳಿಯೇ ಹೊರಡಿ.

ಶುಗರ್ ಇರುವವರಿಗೆ ಇನ್ನೊಂದು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ, ಬಿಟ್ಟಿದ್ದ ವ್ಯಾಯಾಮ ಮತ್ತೆ ಶುರುವಾದಾಗ ಶುಗರ್ ತೀರಾ ಇಳಿಯುವುದುಂಟು. ಕಿಸೆಯಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸೋ ಇರಲಿ. ಕೈ ನಡುಗಿದರೆ, ಬೆವರು ಕಿತ್ತುಕೊಂಡರೆ, ಅಲ್ಲೇ ಕೂತು ಬಾಯಿಗೆ ಹಾಕಿಕೊಳ್ಳಿ. ನಡೆಯುವಾಗ ಎದೆ ಹಿಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ತಲೆ ಸುತ್ತಿದರೆ "ಗ್ಯಾಸ್ ಇರಬೇಕು" ಅಂತ ಮನೆಗೆ ಬಂದು ಮಲಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಶೂ ಹೊರಗೆ ತೆಗೆಯಿರಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮಳೆಗಾಲ ಕಳೆದ ಮೇಲಿನ ಮೊದಲ ಅಡ್ಡಿ ಇದೇ. ನಾಲ್ಕು ತಿಂಗಳು ಬಾಲ್ಕನಿಯ ಸ್ಟ್ಯಾಂಡಿನ ಕೆಳಗಿನ ತಟ್ಟಿನಲ್ಲಿದ್ದ ಶೂವನ್ನು ಬೆಳಕಿಗೆ ಹಿಡಿದು ನೋಡಿ. ನಾಲಿಗೆಯ ಮೇಲೆ ಬಿಳಿ ಬೂಷ್ಟು. ಲೇಸು ಒರಟಾಗಿ ನಿಂತಿದೆ. ಹೆಬ್ಬೆರಳಿನ ಕಡೆ ಸೋಲ್ ಬಾಯಿ ಬಿಟ್ಟಿದೆ. ಕೈಯಲ್ಲಿ ಬಗ್ಗಿಸಿದರೆ ಗೋಂದು ಬಿಡುವ ಚರ್ ಎಂಬ ಸದ್ದು. ಬೆಳಿಗ್ಗೆ ಐದೂವರೆಗೆ, ಅರ್ಧ ನಿದ್ದೆಯಲ್ಲಿ ಇದನ್ನು ಕಂಡವರು ಖಂಡಿತ ವಾಪಸು ಮಲಗುತ್ತಾರೆ.

ಆದ್ದರಿಂದ ಶುರು ಮಾಡುವ ಹಿಂದಿನ ಶನಿವಾರವೇ ತೆಗೆದು ಒರೆಸಿ, ಬಿಸಿಲಿಗಿಡಿ. ಸೋಲ್ ಬಿಟ್ಟಿದ್ದರೆ ಸ್ಟೇಷನ್ ಹೊರಗೆ ಕೂರುವ ಮೋಚಿ ಸುತ್ತ ಹೊಲಿಗೆ ಹಾಕಿಕೊಡುತ್ತಾನೆ, ನಡಿಗೆಗೆ ಅದು ಸಾಕು. ಓಡುವವರಿಗೆ ಸಾಲದು, ಹೊಸದು ಬೇಕು. ಹೊಸ ಬಟ್ಟೆ, ವಾಚು, ಬಾಟಲಿ ಎಲ್ಲ ಆಮೇಲೆ. ಸಾಮಾನು ಕೊಂಡ ಸಂತೋಷದಲ್ಲೇ ಅರ್ಧ ಹುಮ್ಮಸ್ಸು ಖರ್ಚಾಗಿಹೋಗುತ್ತದೆ.

ಮೊದಲ ವಾರ: ಹತ್ತೇ ನಿಮಿಷ

ಮನಸ್ಸು ಬಂದ ಮೇಲೆ ಹೊರಡುತ್ತೇನೆ ಅಂತ ಕಾಯುತ್ತಾ ಕೂತರೆ ಅದು ಬರುವುದಿಲ್ಲ. ಮನೆ ಬಿಟ್ಟು ಐದು ನಿಮಿಷ ನಡೆದ ಮೇಲೆ ತಾನಾಗಿ ಬರುತ್ತದೆ. ಹಾಗಾಗಿ ಮೊದಲ ವಾರ ಮನಸ್ಸಿನ ಒಪ್ಪಿಗೆ ಕೇಳದೆ ಮಾಡಬಹುದಾದಷ್ಟು ಸಣ್ಣ ಕೆಲಸ ಇಟ್ಟುಕೊಳ್ಳಿ. ಹತ್ತು ನಿಮಿಷದ ನಡಿಗೆ, ವಾರಕ್ಕೆ ಐದು ದಿನ. ಅಷ್ಟೇ.

"ಹತ್ತು ನಿಮಿಷಕ್ಕೆ ಏನಾಗುತ್ತದೆ ಮಾರಾಯ್ರೇ" ಅಂತ ಕೇಳುವವರಿದ್ದಾರೆ. ಮೈ ಇಳಿಯುವುದಿಲ್ಲ, ನಿಜ. ಆದರೆ ಎದ್ದು, ಶೂ ಕಟ್ಟಿ, ಲಿಫ್ಟ್ ಇಳಿದು ವಾಚ್‌ಮ್ಯಾನ್ ಮುಂದೆ ಹಾದುಹೋಗುವ ಅಭ್ಯಾಸ ವಾಪಸು ಬರುತ್ತದೆ. ಕಷ್ಟ ಇರುವುದು ಅಲ್ಲೇ ಅಲ್ವಾ? ಇನ್ನೊಂದು ನಿಯಮ: ಮೂರನೇ ದಿನ ಖುಷಿಯಾಗಿ ಅರ್ಧ ಗಂಟೆ ನಡೆಯೋಣ ಅನ್ನಿಸಿದರೂ ಹತ್ತಕ್ಕೇ ತಿರುಗಿ ಬನ್ನಿ. ಇನ್ನೂ ಬೇಕು ಅನ್ನಿಸುವಾಗ ನಿಲ್ಲಿಸಿದವರು ಮರುದಿನ ಮತ್ತೆ ಬರುತ್ತಾರೆ. ದಣಿದು ನಿಲ್ಲಿಸಿದವರಿಗೆ ಮರುದಿನ ಕಾಲು ನೋವು ಎಂಬ ನೆಪ ತಯಾರಿರುತ್ತದೆ.

ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸಿ. ಎರಡನೇ ವಾರ ಹದಿನೈದು, ಮೂರನೆಯದಕ್ಕೆ ಇಪ್ಪತ್ತು. ಹೀಗೆ ಹೋದರೆ ಐದನೇ ವಾರಕ್ಕೆ ದಿನಕ್ಕೆ ಮೂವತ್ತು ನಿಮಿಷ, ವಾರಕ್ಕೆ 150. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ ಮಟ್ಟವೂ ಇಲ್ಲಿಂದಲೇ ಶುರು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕೆಲಸ.

ಮಧ್ಯಮ ವೇಗ ಅಂದರೆ ಎಷ್ಟು? ವಾಚು ಬೇಕಾಗಿಲ್ಲ. ನಡೆಯುತ್ತಾ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಭಾಗವತರಂತೆ ಏರು ಸ್ವರದಲ್ಲಿ ಹಾಡಿಕೊಂಡು ಹೋಗಲು ಆಗುತ್ತಿದ್ದರೆ ನೀವು ನಿಧಾನ. ಎರಡು ಶಬ್ದಕ್ಕೊಮ್ಮೆ ಉಸಿರು ತೆಗೆಯುತ್ತಿದ್ದರೆ ಜೋರಾಯಿತು.

ಎರಡನೇ ವಾರದಿಂದ, ವಾರಕ್ಕೆ ಎರಡು ದಿನ, ಬಸ್ಕಿ ಸೇರಿಸಿ. ಗರಡಿ ಮನೆಯ ಬಸ್ಕಿ ಬೇಡ. ಊಟದ ಮೇಜಿನ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಕೂತು ಏಳುವುದು, ಎಂಟು ಹತ್ತು ಸಲ. ಆಮೇಲೆ ಗೋಡೆಗೆ ಕೈ ಕೊಟ್ಟು ದಂಡ, ಅದೂ ಅಷ್ಟೇ. ಮರುದಿನ, ಅದರ ಮರುದಿನ ತೊಡೆ ನೋಯುತ್ತದೆ. ಅದು ಎರಡು ಮೂರು ದಿನದಲ್ಲಿ ತಾನಾಗಿ ಹೋಗುವ ನೋವು, ಹೆದರಬೇಡಿ. ಮೊಣಕಾಲಿನ ಒಳಗೆ ಚುಚ್ಚುವ ನೋವು ಬೇರೆ, ಅದಕ್ಕೆ ನಿಲ್ಲಿಸಿ.

ಹೊತ್ತು ಯಾವುದು? ಲೋಕಲ್ ನೋಡಿ ಹೇಳಿ

"ನಾಳೆಯಿಂದ ಬೆಳಿಗ್ಗೆ ಎದ್ದು ಹೋಗುತ್ತೇನೆ" ಅನ್ನುವುದು ಹಾರೈಕೆ. ಹೊತ್ತು, ಜಾಗ, ಯಾವುದಾದ ಮೇಲೆ ಎಂಬ ಮೂರೂ ಇದ್ದರೆ ಮಾತ್ರ ಯೋಜನೆ. ನಮ್ಮಲ್ಲಿ ಬಹಳಷ್ಟು ಜನ ಡೊಂಬಿವಲಿ, ಠಾಣೆ, ಮುಲುಂಡ್, ಮೀರಾ ರೋಡ್, ವಸಾಯಿ ಕಡೆಯವರು. ದಿನಕ್ಕೆ ಎರಡೂವರೆ ಮೂರು ಗಂಟೆ ಪ್ರಯಾಣಕ್ಕೇ ಹೋಗುತ್ತದೆ. 7.40ರ ಫಾಸ್ಟ್ ಹಿಡಿಯುವವರಿಗೆ ಬೆಳಿಗ್ಗೆ ಒಂದು ಗಂಟೆ ಪಾರ್ಕಿನಲ್ಲಿ ಕಳೆಯಿರಿ ಅಂತ ಹೇಳುವುದು ಕ್ರೌರ್ಯ. ಅವರಿಗೆ ಪ್ರಯಾಣದಲ್ಲೇ ಜಾಗ ಹುಡುಕಬೇಕು.

ಪಶ್ಚಿಮ ಲೈನಿನವರು ಚರ್ಚ್‌ಗೇಟಿನ ಬದಲು ಮರೀನ್ ಲೈನ್ಸ್‌ನಲ್ಲಿ ಇಳಿದು, ಸಮುದ್ರದ ಬದಿಯಿಂದ ನಡೆದು ಆಫೀಸಿಗೆ ಹೋಗಬಹುದು. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಒಂದೂಕಾಲು ಕಿ.ಮೀ. ಆಸುಪಾಸು, ಆರಾಮವಾಗಿ ಹದಿನೈದು ಇಪ್ಪತ್ತು ನಿಮಿಷ. ಬ್ಯಾಗಿನಲ್ಲಿ ಒಂದು ಒಣ ಶರ್ಟ್ ಇರಲಿ. ಇದನ್ನು ಸಂಜೆ ಮಾಡಬೇಡಿ ಎನ್ನುವುದು ನನ್ನ ಸಲಹೆ. ಸಂಜೆ ಚರ್ಚ್‌ಗೇಟಿನಲ್ಲಿ ಗಾಡಿ ಹೊರಡುವ ಜಾಗದಲ್ಲೇ ಹತ್ತಿದರೆ ಸೀಟು ಸಿಗುವ ಸಾಧ್ಯತೆ ಉಂಟು. ಮರೀನ್ ಲೈನ್ಸ್‌ಗೋ ಚರ್ನಿ ರೋಡ್‌ಗೋ ನಡೆದು ಹೋಗಿ ಹತ್ತಿದರೆ ವಿರಾರ್‌ವರೆಗೆ ನಿಂತೇ ಪ್ರಯಾಣ. ಅಷ್ಟು ಬೆಲೆ ಕೊಡಬೇಕಾದ ವ್ಯಾಯಾಮ ಮೂರು ದಿನಕ್ಕಿಂತ ಹೆಚ್ಚು ನಡೆಯುವುದಿಲ್ಲ.

ಸೆಂಟ್ರಲ್ ಲೈನಿನಲ್ಲಿ ಮಸ್ಜಿದ್‌ನಲ್ಲಿ ಇಳಿದು ಸಿಎಸ್‌ಎಂಟಿಗೆ ನಡೆಯಬಹುದು ಅಂತ ಹೇಳಬಹುದಿತ್ತು. ಆದರೆ ಆ ರಸ್ತೆಗಳಲ್ಲಿ ಕೈಗಾಡಿ, ಹಮಾಲರ ನಡುವೆ ನುಸುಳುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕಿಂತ ರಾತ್ರಿ ಊಟ ಆದ ಮೇಲೆ ಸೊಸೈಟಿಯ ಕಾಂಪೌಂಡಿನೊಳಗೆ ಹದಿನೈದು ನಿಮಿಷ ನಡೆಯುವುದು ವಾಸಿ. ನೋಡಲು ಚೆಂದವಿಲ್ಲ, ಆದರೆ ನಡೆಯುತ್ತದೆ.

ಮನೆಯ ಹೆಂಗಸರ ಹೊತ್ತಿನ ಲೆಕ್ಕ ಇನ್ನೂ ಬಿಗಿ. ಐದೂವರೆಗೆ ಎದ್ದರೆ ಡಬ್ಬಿ, ಮಕ್ಕಳ ಸ್ಕೂಲ್ ಬಸ್, ಅತ್ತೆಯ ಕಾಫಿ. "ನಿನಗೆ ಮನಸ್ಸಿಲ್ಲ" ಅಂತ ಅವರಿಗೆ ಉಪದೇಶ ಮಾಡುವುದನ್ನು ಬಿಟ್ಟು, ಮನೆಯ ಬೇರೊಬ್ಬರು ಇಪ್ಪತ್ತು ನಿಮಿಷ ಕುಕ್ಕರ್ ನೋಡಿಕೊಂಡರೆ ಆ ಮನಸ್ಸು ಎಲ್ಲಿಂದಲೋ ಬಂದುಬಿಡುತ್ತದೆ.

ಕಿವಿಗೊಂದು ಆಸೆ

ಅಮೆರಿಕದ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಕುತೂಹಲದ ಆಡಿಯೋ ಕಾದಂಬರಿಗಳನ್ನು ಕೊಟ್ಟು, ಅವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟರು. ಹಾಗೆ ಮಾಡಿದವರು ಶುರುವಿನಲ್ಲಿ ಉಳಿದವರಿಗಿಂತ 51 ಶೇಕಡಾ ಹೆಚ್ಚು ಸಲ ಜಿಮ್‌ಗೆ ಬಂದರು. ಆದರೆ ನಡುವೆ ಥ್ಯಾಂಕ್ಸ್‌ಗಿವಿಂಗ್ ರಜೆ ಬಂತು. ರಜೆ ಮುಗಿಯುವಾಗ ಆ ಉತ್ಸಾಹ ಇಳಿದುಹೋಗಿತ್ತು. ಅವರಿಗೂ ಹಬ್ಬವೇ ಅಡ್ಡ ಬಂತು ನೋಡಿ!

ಉಪಾಯ ಮಾತ್ರ ಒಳ್ಳೆಯದು. ಹಬ್ಬ ಮುಗಿದ ಮೇಲೆ ಹೊಸದಾಗಿ ಮತ್ತೆ ಶುರು ಮಾಡಬೇಕು, ಅಷ್ಟೇ. ನಾನು ತಾಳಮದ್ದಲೆ ಕೇಳುವುದು ನಡೆಯುವಾಗ ಮಾತ್ರ. ಒಂದು ಪ್ರಸಂಗ ಮೂರು ನಾಲ್ಕು ಗಂಟೆ ಇರುತ್ತದೆ. ಕೃಷ್ಣ ಸಂಧಾನದಲ್ಲಿ ಕೌರವ ವಾದ ಶುರು ಮಾಡುವ ಹೊತ್ತಿಗೆ ಸೊಸೈಟಿಯ ಗೇಟು ಬಂದಿರುತ್ತದೆ, ಅಲ್ಲಿಗೆ ಬಂದ್. ಮುಂದೇನು ಹೇಳಿದ ಅಂತ ತಿಳಿಯಲು ನಾಳೆ ಹೋಗಲೇಬೇಕು. ನಿಮಗೆ ದಾಸರ ಪದವೋ, ಹಳೆಯ ಚಿತ್ರಗೀತೆಯೋ, ಕ್ರಿಕೆಟ್ ಚರ್ಚೆಯೋ ಇರಬಹುದು. ಮನೆಯಲ್ಲಿ ಕೇಳಬೇಡಿ, ಅದೊಂದೇ ಶರತ್ತು. ರಸ್ತೆಯಲ್ಲಿ ನಡೆಯುವಾಗ ಒಂದೇ ಕಿವಿಗೆ ಹಾಕಿ, ಇನ್ನೊಂದು ಕಿವಿ ರಿಕ್ಷಾಗಳಿಗೆ ಇರಲಿ.

ಭಾನುವಾರಕ್ಕೆ ಇನ್ನೊಂದು ಆಸೆ ಇಟ್ಟುಕೊಳ್ಳಬಹುದು. ಮಾಟುಂಗಾದ ಫೈವ್ ಗಾರ್ಡನ್ಸ್ ಮರಗಳ ಕೆಳಗೆ ಅರ್ಧ ಗಂಟೆ ನಡೆದು, ಕಿಂಗ್ಸ್ ಸರ್ಕಲ್ ಕಡೆಗೆ ಬಂದು ಇಡ್ಲಿ ತಿಂದು ಫಿಲ್ಟರ್ ಕಾಫಿ ಕುಡಿಯುವುದು. ಅರ್ಧ ಗಂಟೆಯ ನಡಿಗೆ ಒಂದು ಮಸಾಲೆ ದೋಸೆಯನ್ನು ಕರಗಿಸುವುದಿಲ್ಲ, ಆ ಲೆಕ್ಕ ಹಾಕಲು ಹೋಗಬೇಡಿ. ನಾವು ಕೊಂಡುಕೊಳ್ಳುತ್ತಿರುವುದು ಮುಂದಿನ ಭಾನುವಾರದ ಬರುವಿಕೆಯನ್ನು.

ಒಬ್ಬರು ಜೊತೆಗಿರಲಿ

ಜೊತೆಯವರು ನಿಮ್ಮಷ್ಟೇ ನಿಧಾನ ಇರಬೇಕು. ಮ್ಯಾರಥಾನ್ ಓಡುವ ಭಾವನನ್ನು ಜೊತೆ ಕರೆದರೆ ನಾಲ್ಕನೇ ದಿನ ನೀವು ಮನೆಯಲ್ಲಿರುತ್ತೀರಿ. ಅದೇ ವಿಂಗಿನ, ಅದೇ ಹೊತ್ತಿಗೆ ಬಿಡುವಿರುವ ಒಬ್ಬರು ಸಾಕು. ಮಾತು ಹೀಗಿರಲಿ:

"ಶಾರದಕ್ಕ, ನಾಳೆ ಆರಕ್ಕೆ ಕೆಳಗೆ ನಿಂತಿರ್ತೇನೆ."

"ನಾಳೆ ನೋಡುವಾ, ಸೊಂಟ ಹಿಡಿದಿದೆ ಮಾರಾಯ್ತಿ."

"ನಡೆಯುವುದು ಬೇಡ. ಕೆಳಗೆ ಬಂದು ಬೆಂಚಿನಲ್ಲಿ ಕೂತ್ಕೊಳ್ಳಿ, ನಾನು ಸುತ್ತು ಹಾಕ್ತೇನೆ."

ಕೆಳಗೆ ಬಂದವರು ಸುಮ್ನೆ ಕೂರುವುದಿಲ್ಲ, ಎರಡನೇ ಸುತ್ತಿಗೆ ಎದ್ದು ಸೇರುತ್ತಾರೆ. ವಾಟ್ಸ್‌ಆ್ಯಪ್ ಗುಂಪು ಮಾಡುವುದಾದರೆ ನಾಲ್ಕು ಜನಕ್ಕೆ ನಿಲ್ಲಿಸಿ. ನಲವತ್ತು ಜನರಾದರೆ ಶುಭೋದಯದ ಹೂವಿನ ಚಿತ್ರ ಬರುತ್ತದೆ, ಜನ ಬರುವುದಿಲ್ಲ.

ಮಳೆ ಮತ್ತು ಹೊಗೆ

ಜೋರು ಮಳೆಯ ದಿನ ಕಟ್ಟಡದ ಮೆಟ್ಟಿಲೇ ಪಾರ್ಕು. ನಾಲ್ಕು ಮಹಡಿ ನಿಧಾನ ಹತ್ತಿ, ಇಳಿಯುವಾಗ ರೇಲಿಂಗ್ ಹಿಡಿದುಕೊಳ್ಳಿ. ಮೊಣಕಾಲು ದೂರುವುದು ಇಳಿಯುವಾಗಲೇ, ಹಾಗಾಗಿ ನೋವಿದ್ದವರು ಹತ್ತಿ ಲಿಫ್ಟಿನಲ್ಲಿ ಇಳಿಯಿರಿ. ಕೋಣೆಯೊಳಗೆ ಮಾಡುವವರಿಗೆ ಸೂರ್ಯ ನಮಸ್ಕಾರ ಉಂಟು, ಎರಡರಿಂದ ಶುರು ಮಾಡಿದರೆ ಸಾಕು. ನಿಂತ ನೀರಿನಲ್ಲಿ ನಡೆಯುವುದು ಮಾತ್ರ ವ್ಯಾಯಾಮವಲ್ಲ. ಕಾಲಿಗೆ ಗಾಯ ಇದ್ದು ಆ ನೀರಿಗೆ ಇಳಿದರೆ ಲೆಪ್ಟೊಸ್ಪೈರೋಸಿಸ್ ಅಂಟುವ ಭಯ ಇದೆ. ಇಳಿಯಬೇಕಾಗಿ ಬಂದರೆ ಕಾಲು ತೊಳೆದು ಡಾಕ್ಟರನ್ನು ಕೇಳಿ.

ದೀಪಾವಳಿಯ ನಂತರ ಚಳಿಗಾಲದ ಬೆಳಿಗ್ಗೆ ಹವೆ ಹಿತ, ಗಾಳಿ ಮಾತ್ರ ಕೆಟ್ಟದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ನಿಮ್ಮ ಹತ್ತಿರದ ಕೇಂದ್ರದ ಅಂಕಿ ನೋಡಿ. 200 ದಾಟಿದರೆ ಆ ದಿನ ಒಳಗೇ ಮಾಡಿ. ಅಸ್ತಮಾ ಇದ್ದವರು ಅದಕ್ಕೂ ಮೊದಲೇ.

ನಾಲ್ಕನೇ ವಾರದ ಅಪಾಯ

ಮೂರು ನಾಲ್ಕು ವಾರ ಕಳೆದಾಗ ದಮ್ಮು ವಾಪಸು ಬಂದಿರುತ್ತದೆ. ಮೈ ಹಗುರ ಅನ್ನಿಸುತ್ತದೆ. ಆಗಲೇ ಜನ ಓಡಲು ಹೋಗಿ ಹಿಮ್ಮಡಿ ಹಿಡಿದುಕೊಂಡು ಕೂರುವುದು. ಹೃದಯ, ಶ್ವಾಸಕೋಶ ಬೇಗ ಸುಧಾರಿಸುತ್ತವೆ, ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರುಗಳು ನಿಧಾನ. ಉಸಿರು ಹೂಂ ಅಂದರೂ ಹಿಮ್ಮಡಿಯ ಒಪ್ಪಿಗೆ ಬಂದಿರುವುದಿಲ್ಲ. ಓಡಬೇಕೆನ್ನುವವರು ಎರಡು ನಿಮಿಷ ನಡಿಗೆ, ಒಂದು ನಿಮಿಷ ಮೆಲ್ಲಗಿನ ಓಟ ಅಂತ ಬೆರೆಸಿ, ದಿನ ಬಿಟ್ಟು ದಿನ ಮಾಡಿ.

ಜಿಮ್‌ನವರಿಗೂ ಇದೇ ಮಾತು. ಹಿಂದೆ ಎತ್ತುತ್ತಿದ್ದ ಭಾರದ ಅರ್ಧದಿಂದ ಶುರು ಮಾಡಿ. ಮೊದಲ ದಿನವೇ ಹಳೆಯ ಭಾರಕ್ಕೆ ಕೈ ಹಾಕಿ, ಎರಡು ದಿನದ ಮೇಲೆ ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಕೈಕಾಲು ವಿಪರೀತ ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುವ ಲಕ್ಷಣ ಅದು. ಇನ್ನು ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಹೋಗಲೇಬೇಕಾಗುತ್ತದೆ ಎಂಬ ಆಸೆ ಬೇಡ. ತಿಂಗಳಿಗೆ ಕಟ್ಟಿ. ದರ ಸ್ವಲ್ಪ ಜಾಸ್ತಿಯಾದರೂ ಲಾಭ ನಿಮ್ಮದೇ.

ಮುಂದೆ ಒಂದು ತಾರೀಕು ಇದ್ದರೆ ಮಾತ್ರ ಕಾಲು ಏಳುವವರಿಗೆ ಜನವರಿಯ ಮುಂಬಯಿ ಮ್ಯಾರಥಾನ್ ಇದೆ, 2004ರಿಂದ ನಡೆಯುತ್ತಿದೆ. ದೀಪಾವಳಿಗೆ ಶುರು ಮಾಡಿದವರು ಹತ್ತು ಕಿ.ಮೀ. ಓಟದ ಆಸೆ ಬಿಟ್ಟು ಐದಾರು ಕಿ.ಮೀ.ಯ ಡ್ರೀಮ್ ರನ್ ನೋಡಿಕೊಳ್ಳಿ.

ಒಂದು ದಿನ ತಪ್ಪಿದರೆ

ಏನೂ ಆಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ಆಗುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನದ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. 21 ದಿನದಲ್ಲಿ ಅಭ್ಯಾಸ ಆಗುತ್ತದೆ ಅಂತ ಹೇಳುವವರ ಮಾತು ಕೇಳಿ 22ನೇ ದಿನ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ತಪ್ಪಿದ ಹತ್ತು ನಿಮಿಷವನ್ನು ಮರುದಿನ ಸೇರಿಸಿ ಇಪ್ಪತ್ತು ಮಾಡುವುದೂ ಬೇಡ, ಸಾಲ ತೀರಿಸುವ ಕೆಲಸ ಯಾರಿಗೂ ಇಷ್ಟವಾಗುವುದಿಲ್ಲ. ಎರಡು ದಿನ ಒಟ್ಟಿಗೆ ತಪ್ಪದಂತೆ ನೋಡಿಕೊಂಡರೆ ಸಾಕು.

ಮುಂದಿನ ರಜೆಗೆ ಈಗಲೇ ತಯಾರಿ

ಮೇ ಬಂದೇ ಬರುತ್ತದೆ. ಊರಿಗೆ ಹೊರಡುವ ಮೊದಲೇ ಎರಡು ವಿಷಯ ನಿಶ್ಚಯಿಸಿ. ಮೊದಲನೆಯದು, ಊರಲ್ಲಿ ಎಷ್ಟು ಕಮ್ಮಿ ಮಾಡಿದರೂ ಸಾಕು ಎಂಬುದು. ಗದ್ದೆಯ ಬದುವಿನಲ್ಲಿ ಹತ್ತು ನಿಮಿಷ, ಅಥವಾ ದೇವಸ್ಥಾನದವರೆಗೆ ಸ್ಕೂಟರ್ ಬಿಟ್ಟು ನಡೆದು ಹೋಗುವುದು, ವಾರಕ್ಕೆ ಎರಡು ಸಲ. ದಮ್ಮು ಪೂರ್ತಿ ಇಳಿಯದಂತೆ ಇಷ್ಟು ಕೈಹಿಡಿಯುತ್ತದೆ.

ಎರಡನೆಯದು, ವಾಪಸು ಬಂದ ಮೇಲೆ ಯಾವ ದಿನ ಶುರು ಎಂಬುದು. ಮತ್ಸ್ಯಗಂಧಾ ಬೆಳಿಗ್ಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ತಲುಪುತ್ತದೆ. ಆ ದಿನ ತೆಂಗಿನಕಾಯಿ, ಹಪ್ಪಳದ ಚೀಲ ಇಳಿಸಿ, ಮನೆ ಗುಡಿಸಿ ಮಲಗಿ. ಅಲಾರಾಂ ಅದರ ಮರುದಿನಕ್ಕೆ. ಮೂರು ವಾರಕ್ಕಿಂತ ಜಾಸ್ತಿ ಬಿಟ್ಟಿದ್ದರೆ ಮತ್ತೆ ಹತ್ತು ನಿಮಿಷದಿಂದ, ಕಮ್ಮಿ ಬಿಟ್ಟಿದ್ದರೆ ಬಿಟ್ಟ ನಿಮಿಷಗಳ ಅರ್ಧದಿಂದ. ಶೂ ಇರುವ ಚೀಲವನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಕಟ್ಟಿ, ಹಲಸಿನ ಹಪ್ಪಳದ ಅಡಿಗೆ ಹೋದರೆ ಅದು ಹೊರಬರುವುದು ಜೂನ್ ಕಳೆದ ಮೇಲೆಯೇ.